ಶನಿವಾರದ ಎಣ್ಣೆ

ಆ ಸೋಮವಾರ ಬೆಳಗ್ಗೆ ಕಲ್ಲುಕುಂಟೆಯ ಮೇಲೆ ಬಿದ್ದಿದ್ದ ಮಂಜನ್ನು ನೋಡಿದರೆ ಬೇತಮಂಗಲದ ಕೆರೆಯೇ ಎದ್ದು ಬಂದು ಊರಿನ ಮೇಲೆ ಮಲಗಿದೆಯೇನೋ ಅನ್ನಿಸುವಂತಿತ್ತು. ಅಂಗಳದಲ್ಲಿ ನಿಂತರೆ ಕೊಟ್ಟಿಗೆ ಕಾಣದು, ಕೊಟ್ಟಿಗೆಯಲ್ಲಿ ನಿಂತರೆ ಸೀಬೆ ತೋಟ ಕಾಣದು. ಎಲೆಯಿಂದ ಎಲೆಗೆ ಇಬ್ಬನಿ ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು. ಧನುರ್ಮಾಸ. ಹಲ್ಲು ಕಟಕಟಿಸುವ ಚಳಿ.

ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಗಂಟು ಕಟ್ಟಿ, ಬೇಲಿಯ ಗೂಟಗಳನ್ನು ಮುಟ್ಟಿಕೊಳ್ಳುತ್ತ ನಾರಾಯಣಮ್ಮ ಆಂಜನೇಯನ ಗುಡಿಯ ತನಕ ನಡೆದಳು. ಪೂಜಾರಿ ಸೊಣ್ಣಪ್ಪ ಆಗಲೇ ದೀಪ ಹಚ್ಚಿ ಹುಗ್ಗಿ ಇಳಿಸಿದ್ದ. ಅವಳು ಮುಂದೆ ಚಾಚಿದ ಪುಟ್ಟ ಬಟ್ಟಲನ್ನು ನೋಡಿ ಅವನ ಹುಬ್ಬು ಮೇಲೇರಿತು.

"ಇವತ್ತು ಶನಿವಾರ ಅಲ್ವಲ್ಲಮ್ಮ."

"ಇವತ್ತೇ ಬೇಕು ಸ್ವಾಮಿ. ಜಾಸ್ತೀನೇ ಉಯ್ಯಿ."

ಎರಡು ದಿನದಿಂದ ಊರಲ್ಲಿ ನಡೆದದ್ದು ಸೊಣ್ಣಪ್ಪನಿಗೂ ಗೊತ್ತಿತ್ತು. ದೇವರ ಪಾದದ ಬಳಿಯ ದೀಪದಿಂದ ಎಳ್ಳೆಣ್ಣೆಯನ್ನು ಬಟ್ಟಲಿನ ಕಂಠದವರೆಗೂ ಬಗ್ಗಿಸಿ ಕೊಟ್ಟ.

ಮನೆಗೆ ಬಂದವಳೇ ನಡುಮನೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದ ಕೋವಿಯ ಮುಂದೆ ಕೂತಳು. ಗಂಡ ಮುನಿಶಾಮಪ್ಪ ಹೊರಗೆ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ. ಅದು ಗಾಳಿ ಕೋವಿ. ಮದ್ದಿಲ್ಲ, ತೋಟಾ ಇಲ್ಲ. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ನಡುವೆ ಮುರಿದಂತೆ ತೆರೆದುಕೊಳ್ಳುತ್ತದೆ, ಒಳಗಿನ ಸ್ಪ್ರಿಂಗು ಮುದುಡಿ ಕೂರುತ್ತದೆ. ಒಂದು ಸೀಸದ ಕಾಳಿಟ್ಟು ಮುಚ್ಚಿ ಬೆರಳಿನಿಂದ ಕುದುರೆ ಎಳೆದರೆ ಸ್ಪ್ರಿಂಗು ಚಿಮ್ಮಿ, ಗಾಳಿಯನ್ನು ಹಿಂಡಿ, ಕಾಳನ್ನು ಊದಿಬಿಡುತ್ತದೆ. ಪೂರ್ತಿ ಬಗ್ಗಿಸುವ ಶಕ್ತಿ ನಾರಾಯಣಮ್ಮನ ತೋಳಿಗಿರಲಿಲ್ಲ. ಒಂದು ಗೇಣು ಬಗ್ಗಿಸಿದರೆ ಅವಳಿಗೆ ಸಾಕು. ಆಗ ಗಾಳಿ ಬರುವ ಪುಟ್ಟ ತೂತು ಕಾಣುತ್ತಿತ್ತು. ಅವಳು ಅದನ್ನು ಕೋವಿಯ ಮೂಗು ಎನ್ನುತ್ತಿದ್ದಳು. ಆ ಮೂಗಿಗೆ, ನಳಿಗೆಯ ಒಳಕ್ಕೆ, ಎಣ್ಣೆಯನ್ನು ನಿಧಾನವಾಗಿ ಬಿಟ್ಟಳು. ಬಟ್ಟಲಲ್ಲಿ ಒಂದು ಹನಿಯೂ ಉಳಿಯಲಿಲ್ಲ.

"ಅಪ್ಪಾ ಸ್ವಾಮಿ, ಇವತ್ತೊಂದಿನ ಇದರ ಬಾಯಿ ಬಿಗಿಯಾಗಿ ಇಡ್ಕೊ," ಎಂದು ಹಣೆ ನೆಲಕ್ಕೆ ಹಚ್ಚಿದಳು. ಕೋವಿಯ ಮೈಯನ್ನು ಸೆರಗಿನಿಂದ ಒರೆಸಿ, ಮೊದಲಿದ್ದ ಹಾಗೆಯೇ ಮಲಗಿಸಿದಳು.

ಇದು ಅವಳು ಹೊಸದಾಗಿ ಕಲಿತದ್ದಲ್ಲ. ಅವಳು ಸೊಸೆಯಾಗಿ ಬಂದ ವರ್ಷವೇ ಮಾವನವರು ಹೇಳಿಕೊಟ್ಟಿದ್ದರು. ಶನಿವಾರ ಮನೆಯ ಕಬ್ಬಿಣಕ್ಕೆಲ್ಲ ಆಂಜನೇಯನ ದೀಪದೆಣ್ಣೆ ತೋರಿಸಬೇಕು. ಕುಡುಗೋಲಿಗೆ ಒಂದು ಹನಿ, ಕೊಡಲಿಗೆ ಒಂದು ಹನಿ, ನೇಗಿಲ ಗುಳಕ್ಕೆ ಎರಡು. ಎಣ್ಣೆ ಕಂಡ ಕಬ್ಬಿಣ ಮನೆಯವರ ಕೈಕಾಲು ಕಡಿಯುವುದಿಲ್ಲ. ಇಪ್ಪತ್ತೆಂಟು ವರ್ಷ ಒಂದು ಶನಿವಾರವನ್ನೂ ತಪ್ಪಿಸದೆ ಅವಳು ಅದನ್ನು ನಡೆಸಿಕೊಂಡು ಬಂದಿದ್ದಳು. ಮನೆಯಲ್ಲಿ ಯಾರಿಗೂ ಒಂದು ಗಾಯವಾಗಿರಲಿಲ್ಲ. ಮೂರು ವರ್ಷದ ಹಿಂದೆ ಸೀಬೆ ತೋಟಕ್ಕೆ ಬೀಳುವ ಗಿಳಿಗಳನ್ನು ಓಡಿಸಲೆಂದು ಈ ಕೋವಿ ಮನೆಗೆ ಬಂದಾಗ, ಅದೂ ಕಬ್ಬಿಣವೇ ಎಂದು, ಗಂಡ ಏಳುವ ಮುಂಚೆಯೇ, ಅದಕ್ಕೂ ಎರಡು ಹನಿ ಶುರುವಾಯಿತು.

ಕೋವಿ ಅವರದಲ್ಲ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಗಾಳಿ ಮಿಷಿನ್ನಿನ ಫಿಟ್ಟರಾಗಿದ್ದ ಆರುಮುಗಂನದು. ಆಸ್ಟ್ರೇಲಿಯಾಕ್ಕೆ ಹೊರಟ ಗಣಿಯ ದೊರೆಯೊಬ್ಬ ಅದನ್ನು ಅವನ ಕೈಗಿಟ್ಟು ಹೋಗಿದ್ದನಂತೆ. ಮುನಿಶಾಮಪ್ಪ ಸೀಬೆ ಮಾರಲು ಗಣಿಯ ಬಜಾರಿಗೆ ಹೋಗಿ ಬಂದು ಇಬ್ಬರಿಗೂ ಸ್ನೇಹ ಬೆಳೆದಿತ್ತು. ಹಣ್ಣಿನ ಕಾಲ ಬಂದರೆ ಕೋವಿ ಕಲ್ಲುಕುಂಟೆಗೆ ಬರುತ್ತಿತ್ತು, ಹಣ್ಣು ಮುಗಿದರೆ ಹಿಂದಕ್ಕೆ ಹೋಗುತ್ತಿತ್ತು.

ಮೊನ್ನೆ ಶನಿವಾರದ ಬೆಳಗಿನ ತನಕ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಆ ಬೆಳಗ್ಗೆ ಗಿಳಿಯೊಂದು ಬೇಲಿಯ ಬೇವಿನ ಮರದಲ್ಲಿ ಕೂತಿತ್ತು. ಮುನಿಶಾಮಪ್ಪ ಕೋವಿ ಎತ್ತಿ ಹೊಡೆದ. ಗಿಳಿಗಳಿಗೆ ತಾಗುವಂತೆ ಅವನು ಎಂದೂ ಹೊಡೆದವನಲ್ಲ, ಹೆದರಿ ಹಾರಿದರೆ ಸಾಕು. ಆದರೆ ಅವತ್ತು ಕೋವಿ ಎಂದಿನಂತೆ 'ಟಪ್' ಎನ್ನಲಿಲ್ಲ. ಸಿಡಿಮದ್ದು ಹಾರಿದಂತೆ ಸದ್ದಾಯಿತು. ನಳಿಗೆಯ ಬಾಯಿಂದ ನೀಲಿ ಹೊಗೆ ಬಂತು. ಗಿಳಿ ಹಾರಿಹೋಯಿತು. ಬೇಲಿಯ ಆಚೆ ಕದಿರಪ್ಪನ ಕೊಟ್ಟಿಗೆಯಲ್ಲಿ ಅವನ ಸೊಸೆ ಮುನಿರತ್ನಮ್ಮ ಕಿರುಚಿಕೊಂಡಳು.

ನಾರಾಯಣಮ್ಮ ಓಡಿಹೋಗಿ ನೋಡಿದಾಗ ಆ ಹುಡುಗಿ ಹಸುವಿನ ಪಕ್ಕದಲ್ಲಿ ಕುಕ್ಕರುಗಾಲಲ್ಲೇ ಕೂತಿದ್ದಳು, ಬಾಯಿ ತೆರೆದೇ ಇತ್ತು. ಕೊಟ್ಟಿಗೆಯ ಬಾಗಿಲ ಹಲಗೆಯಲ್ಲಿ ಒಂದು ದುಂಡನೆಯ ತೂತು. ಕಾಳು ಹಲಗೆಯನ್ನು ತೂರಿಕೊಂಡು ಬಂದು ಅವಳ ಮಂಡಿಗಳ ನಡುವೆ ಇದ್ದ ಹಿತ್ತಾಳೆ ಚೆಂಬಿಗೆ ಬಡಿದಿತ್ತು. ಚೆಂಬು ನೆಗ್ಗಿ, ತಳದ ಹಳೆಯ ಬೆಸುಗೆ ಬಿಟ್ಟುಕೊಂಡು, ಹಾಲೆಲ್ಲ ಸಗಣಿಯ ಮೇಲೆ ಹರಿಯುತ್ತಿತ್ತು.

"ನಮ್ಮವ್ವ ಕೊಟ್ಟ ಚೆಂಬು," ಎಂದಳು ಮುನಿರತ್ನಮ್ಮ. ಆಮೇಲೆ ತನ್ನ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡಳು. ನಾಲ್ಕು ಬೆರಳು ಮೇಲೆ ಬಂದಿದ್ದರೆ ಕಾಳು ಅಲ್ಲಿಗೇ ಬಡಿಯುತ್ತಿತ್ತು.

ಕದಿರಪ್ಪ ತೂತಿನ ಮೇಲೆ ಬೆರಳಿಟ್ಟು ಕೂಗಿದ. "ಲೇ ಮುನಿಶಾಮ, ಗಿಳಿ ಓಡ್ಸೋ ಕೋವಿ ಅಂತ ಮೂರು ವರ್ಷದಿಂದ ಕಿವಿ ಮೇಲೆ ಊ ಇಟ್ಯಲ್ಲೋ. ಒಂದಂಗುಲ ಅಲಗೆ ಕಣ್ಲಾ ಇದು. ಗಣಿ ಮಿಷಿನ್ ಪೆಟ್ಟಿಗೇದು. ಇದನ್ನ ತೂರಿ ಬರೋ ಕೋವೀನ ಗಾಳಿ ಕೋವಿ ಅಂತೀಯಾ? ಓಗು, ಠಾಣೇಲಿ ಏಳ್ಕೊ."

ಕದಿರಪ್ಪನ ದೂರಿನ ಮೇಲೆ, ಸಂಜೆಗೆ ಮುಂಚೆ ಠಾಣೆಯ ದಫೇದಾರ ಶ್ರೀನಿವಾಸಪ್ಪ ಸೈಕಲ್ಲಿನಲ್ಲಿ ಬಂದ. ಗಟ್ಟಿಯಾಗಿ ಮಾತಾಡುವ ಅಭ್ಯಾಸವೇ ಇಲ್ಲದ ಮನುಷ್ಯ. ಅದಕ್ಕೇ ಅವನನ್ನು ಕಂಡರೆ ಹೆಚ್ಚು ಹೆದರಿಕೆ. ತೂತಿಗೆ ಕಿರುಬೆರಳಿಟ್ಟು ನೋಡಿದ. ಹಲಗೆಯ ದಪ್ಪ ಅಳೆದ. ಆಮೇಲೆ ಜಗುಲಿಯ ಮೇಲೆ ಕೂತು, ಪಾಠ ಹೇಳುವ ಮೇಷ್ಟ್ರ ಹಾಗೆ ಹೇಳಿದ.

"ಗಾಳಿ ಕೋವಿಗೆ ಲೈಸನ್ಸ್ ಬೇಡ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಅರ್ಧ ನಿಜ. ಒಂದು ಮಾರು ದೂರದಲ್ಲಿ ಒಂದಂಗುಲ ದಪ್ಪದ ಬಿಳಿ ಮರದ ಹಲಗೆ ಇಟ್ಟು ಹೊಡೀಬೇಕು. ಕಾಳು ಹಲಗೆ ಒಳಗೇ ನಿಂತರೆ ಅದು ಆಟದ ಸಾಮಾನು. ಆಚೆಗೆ ಬಂದರೆ ಅದು ಆಯುಧ. ಲೈಸನ್ಸ್ ಇಲ್ಲದ ಆಯುಧ ಇಟ್ಟುಕೊಂಡವನಿಗೆ ಜೈಲು. ಸೋಮವಾರ ಹತ್ತು ಗಂಟೆಗೆ ಬಂಗಾರಪೇಟೆಗೆ ತನ್ನಿ, ಹೊಡೆದು ನೋಡೋಣ." ಎದ್ದು ನಿಂತು ಮತ್ತೆ ಹೇಳಿದ, "ಅಷ್ಟರೊಳಗೆ ಯಾರಾದರೂ ಇದರೊಳಗೆ ಕೈ ಆಡಿಸಿದರೆ, ಅವರು ಗಂಡಸಾಗಲಿ ಹೆಂಗಸಾಗಲಿ, ಅವರ ಮೇಲೆ ಬೇರೆ ಕೇಸು."

ಮುನಿಶಾಮಪ್ಪನ ಮಾತಿನ ಮೇಲೆ ಕೋವಿಯನ್ನು ಮನೆಯಲ್ಲೇ ಬಿಟ್ಟು ಹೋದ. ಅಂದಿನಿಂದ ನಾರಾಯಣಮ್ಮ ಬಡಿಸಿಕೊಂಡ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದಳು. ಗಂಡ ಕೆಮ್ಮಿದರೂ ಬೆಚ್ಚಿಬೀಳುವಳು. ಜೈಲಿನ ಬಾಗಿಲು ಹೇಗಿರುತ್ತದೋ ಅವಳು ಕಂಡವಳಲ್ಲ. ಆದರೆ ಕಣ್ಣು ಮುಚ್ಚಿದರೆ ಸರಳುಗಳ ಹಿಂದೆ ಮುನಿಶಾಮಪ್ಪನ ನರೆತ ಮೀಸೆ ಕಾಣುತ್ತಿತ್ತು.

ಭಾನುವಾರ ಮಧ್ಯಾಹ್ನ ಸುದ್ದಿ ತಿಳಿದು ಆರುಮುಗಂ ಓಡಿಬಂದ. ಗೋಣಿಚೀಲದಲ್ಲಿ ಮಿಷಿನ್ ಪೆಟ್ಟಿಗೆಯ ಒಂದು ಬಿಳಿ ಹಲಗೆ, ಜೇಬಿನಲ್ಲಿ ಎರಡು ತಗಡಿನ ಡಬ್ಬಿ.

"ಅಕ್ಕಾ, ನೀ ಅಳಬೇಡ. ಈ ಸ್ಪ್ರಿಂಗ್ ಮುದುಕ ಆಗಿದೆ, ನನ್ನ ಹಾಗೆ. ಇದಕ್ಕೆ ಅಂಗುಲ ಹಲಗೆ ತೂರೋ ದಮ್ ಎಲ್ಲಿದೆ? ದಫೇದಾರರು ಒಳಗೆ ಕೈ ಆಡಿಸಬೇಡ ಅಂದ್ರು. ಹೊಡೆದು ನೋಡಬೇಡ ಅಂದಿಲ್ಲವಲ್ಲ."

ಡಬ್ಬಿಗಳನ್ನು ತೆರೆದು ತೋರಿಸಿದ. ಒಂದರಲ್ಲಿ ಹಗುರ ಕಾಳು, ಇನ್ನೊಂದರಲ್ಲಿ ಭಾರದ್ದು. ರಾಬರ್ಟ್‌ಸನ್‌ಪೇಟೆಯ ಅಕ್ಕಸಾಲಿಯ ತಕ್ಕಡಿಯಲ್ಲಿ ಅವನೇ ತೂಗಿಸಿ ನೋಡಿದ್ದನಂತೆ. ಹಗುರದ್ದು ನಾಲ್ಕು ಗುಲಗಂಜಿ, ಭಾರದ್ದು ಆರು.

"ಸ್ಪ್ರಿಂಗ್ ಕೊಡೋದು ಒಂದೇ ಹಿಡಿ ಶಕ್ತಿ. ಹಗುರ ಕಾಳಿಗೆ ಕೊಟ್ಟರೆ ಅದು ಬೇಗ ಓಡುತ್ತೆ, ಬೇಗ ಸುಸ್ತಾಗುತ್ತೆ. ಭಾರದ್ದು ನಿಧಾನ ಹೋಗುತ್ತೆ, ಆದರೆ ತಳ್ಳೋದು ಬಿಡೋದಿಲ್ಲ. ಎರಡನ್ನೂ ನೋಡಿಬಿಡೋಣ."

ತೋಟದ ಮೂಲೆಯಲ್ಲಿ, ಆಚೆ ಯಾರೂ ಇಲ್ಲವೆಂದು ಮೂರು ಸಲ ಖಚಿತ ಮಾಡಿಕೊಂಡು, ಕಲ್ಲುಗೋಡೆಗೆ ಹಲಗೆ ಒರಗಿಸಿ ಹೊಡೆದರು. ಹಗುರದ್ದು ಐದು, ಭಾರದ್ದು ಐದು. ಹಗುರದ್ದು ಉಗುರಿನಷ್ಟು ಆಳಕ್ಕೆ ಹೋಗಿ ಚಪ್ಪಟೆಯಾಯಿತು. ಭಾರದ್ದು ಕೂದಲೆಳೆಯಷ್ಟು ಹೆಚ್ಚು. ಹಲಗೆಯ ಹಿಂದುಗಡೆ ಒಂದು ಬಿರುಕೂ ಇಲ್ಲ. ಆರುಮುಗಂ ನಳಿಗೆಯನ್ನು ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿದ. ಒಳಗೆ ಒಣಗಿತ್ತು.

"ಮತ್ತೆ ಕದಿರಪ್ಪನ ಬಾಗಿಲು ಎಂಗೆ ತೂತಾಯ್ತು?" ಎಂದ ಮುನಿಶಾಮಪ್ಪ.

"ಅದೇ ನಂಗೂ ತಿಳೀತಿಲ್ಲ ಅಣ್ಣ. ಆ ಹಲಗೆ ಹುಳ ತಿಂದಿರಬೇಕು. ನಾಳೆ ಇಂಥದ್ದೇ ಹೊಸ ಹಲಗೆ ತರ್ತೀನಿ, ರೈಲಲ್ಲಿ ಬಂದು ಠಾಣೆ ಹತ್ತಿರ ಕಾಯ್ತೀನಿ. ನಿದ್ದೆ ಮಾಡಿ."

ಗಂಡಸರು ನಿದ್ದೆ ಮಾಡಿದರು. ನಾರಾಯಣಮ್ಮನಿಗೆ ಮಾತ್ರ, ತಿಳಿಯದ ಕಾರಣವೇ ದೊಡ್ಡ ಭಯವಾಗಿ ಕೂತಿತು. ತಿಳಿಯದ್ದನ್ನು ದೇವರಿಗೆ ಬಿಡಬೇಕೆಂದು ಅವಳ ಮನಸ್ಸು ಹೇಳಿತು. ಹಾಗೆ ಅವಳು ಸೋಮವಾರ ನಸುಕಿನಲ್ಲಿ ಬಟ್ಟಲು ಹಿಡಿದು ಹೋದದ್ದು. ಎಣ್ಣೆ ತೋರಿಸುವುದು ಕೈ ಆಡಿಸಿದಂತೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ದೇವರ ಮುಂದೆ ದೀಪ ಹಚ್ಚುವವರನ್ನು ಯಾರೂ ಬೆಂಕಿ ಇಡುವವರು ಎನ್ನುವುದಿಲ್ಲವಲ್ಲ.

ಬಸ್ಸು ಮಂಜಿನಲ್ಲಿ ದೀಪ ಹಾಕಿಕೊಂಡು ತೆವಳಿ ಬಂದು ಬಂಗಾರಪೇಟೆ ಸೇರುವಾಗ ಒಂಬತ್ತೂವರೆ. ಗೋಣಿಚೀಲ ಸುತ್ತಿದ ಕೋವಿ ಮುನಿಶಾಮಪ್ಪನ ತೊಡೆಯ ಮೇಲಿತ್ತು. ಪಕ್ಕದ ಸೀಟಿನವನು "ಏನಣ್ಣ, ಕಬ್ಬಾ?" ಎಂದು ಕೇಳಿದ್ದಕ್ಕೆ "ಊಂ, ಸಿಹಿ ಇಲ್ದೇ ಇರೋ ಕಬ್ಬು," ಎಂದಿದ್ದ. ನಗಿಸುವುದು ಅವನ ಸ್ವಭಾವ. ಆದರೆ ಅವನ ಕುತ್ತಿಗೆಯ ನರ ಹಾರುತ್ತಿದ್ದದ್ದು ಹೆಂಡತಿಗೆ ಕಾಣುತ್ತಿತ್ತು.

ಠಾಣೆಯ ಅಂಗಳದ ಹೊಂಗೆ ಮರದ ಕೆಳಗೆ ಆರುಮುಗಂ ಹಲಗೆಯನ್ನು ಮಗುವಿನಂತೆ ಅಪ್ಪಿಕೊಂಡು ಕೂತಿದ್ದ. ಸ್ವಲ್ಪ ದೂರದಲ್ಲಿ ಕದಿರಪ್ಪ, ಅವನ ಹಿಂದೆ ಮುನಿರತ್ನಮ್ಮ. ಅವಳ ಮಡಿಲಲ್ಲಿ ಆ ನೆಗ್ಗಿದ ಚೆಂಬು ಸಾಕ್ಷಿಗೆ ಬಂದಿತ್ತು. ನಾರಾಯಣಮ್ಮ ಅವಳ ಮುಖ ನೋಡಲಾರದೆ ಚೆಂಬನ್ನು ನೋಡಿದಳು, ಚೆಂಬನ್ನೂ ನೋಡಲಾರದೆ ನೆಲ ನೋಡಿದಳು.

ದಫೇದಾರ ಕೋವಿಯನ್ನು ಒಳಗೆ ತೆಗೆದುಕೊಂಡು ಹೋಗಿ, ನಂಬರು ಬರೆದುಕೊಂಡು, ಒಂದು ಮೇಜಿನ ಮೇಲಿಟ್ಟ. "ಸಾಹೇಬರ ರುಜು ಆಗಲಿ. ಕರೀತೀನಿ," ಎಂದ.

ಕಾಯುವ ಹೊತ್ತು ಉದ್ದವಾಯಿತು. ಮಾತಿಲ್ಲದೆ ಇರಲಾರದ ಮುನಿಶಾಮಪ್ಪ ಮೆಲ್ಲಗೆ ಹೇಳಿದ, "ಸದ್ಯ, ಇವತ್ತು ಶನಿವಾರ ಅಲ್ಲ ಕಣಯ್ಯ ಆರುಮುಗಂ."

"ಶನಿವಾರ ಏನು?"

"ಶನಿವಾರ ಅದಕ್ಕೆ ಜೋರು ಜಾಸ್ತಿ. ಮೊದಲ್ನೇ ಏಟು ಢಮ್ ಅಂತದೆ, ಒಗೆ ಬತ್ತದೆ. ಆಂಜನೇಯ ಮೈಮೇಲೆ ಬತ್ತಾನೆ ಅಂತ ನಾನು ಇವಳನ್ನ ಗೇಲಿ ಮಾಡ್ತಿದ್ದೆ. ಆಮೇಲಾಮೇಲೆ ಸರಿಯಾಗ್ತದೆ."

ಆರುಮುಗಂ ನೆಟ್ಟಗೆ ಕೂತ. "ಹೊಗೆ ಯಾವ ಬಣ್ಣ?"

"ನೀಲಿ."

"ವಾಸನೆ?"

"ಒಗ್ಗರಣೆ ಸೀದಂಗೆ."

ಫಿಟ್ಟರನ ಮುಖ ಬದಲಾಯಿತು. ದನಿ ತಗ್ಗಿಸಿ, ಒಂದೊಂದೇ ಮಾತು ಎಣಿಸಿದಂತೆ ಹೇಳಿದ. "ಅಣ್ಣ, ನಾನು ಮೂವತ್ತು ವರ್ಷದಿಂದ ಗಾಳಿ ಹಿಂಡೋ ಮಿಷಿನ್ ಜೊತೆ ಬಾಳ್ತಾ ಇದ್ದೀನಿ. ಸೈಕಲ್ ಪಂಪು ಹೊಡೆದರೆ ತುದಿ ಬಿಸಿ ಆಗೋದು ನೋಡಿದ್ದೀಯಲ್ಲ? ಗಾಳಿ ಹಿಂಡಿದರೆ ಕಾಯುತ್ತೆ. ಜೋರಾಗಿ ಹಿಂಡಿದರೆ ಕೆಂಡ. ಅಲ್ಲಿ ಒಂದು ಚೂರು ಎಣ್ಣೆ ಇದ್ದರೆ ಹತ್ತಿಕೊಳ್ಳುತ್ತೆ. ನಮ್ಮ ಮೇಸ್ತ್ರಿ ಮೊದಲ ದಿನ ಹೇಳಿದ್ದು ಅದೇ ಒಂದು ಮಾತು, ಗಾಳಿ ಪೈಪಿಗೆ ಎಣ್ಣೆ ಕೈ ತಾಗಿಸಬೇಡ ಅಂತ. ಒಳಗೆ ಎಣ್ಣೆ ಬಿದ್ದರೆ ಇದು ಗಾಳಿ ಕೋವಿ ಅಲ್ಲ ಅಣ್ಣ, ಬೆಂಕಿ ಕೋವಿ. ಸ್ಪ್ರಿಂಗಿನ ಬಲದ ಮೇಲೆ ಬೆಂಕಿ ಬಲ ಸೇರುತ್ತೆ. ಅಂಗುಲ ಏನು, ಒಂದೂವರೆ ಅಂಗುಲ ತೂರುತ್ತೆ. ಯಾರು ಇದಕ್ಕೆ ಎಣ್ಣೆ ಹಾಕ್ತಾರೆ?"

"ಯಾರೂ ಇಲ್ಲ ಕಣಯ್ಯ. ನಾನಂತೂ ಆಕಿಲ್ಲ."

"ಹೋಗಲಿ ಬಿಡು. ನಿನ್ನೆ ನಾನೇ ನೋಡಿದ್ದೀನಿ, ಒಣಗಿತ್ತು. ಇವತ್ತು ಭಯ ಇಲ್ಲ."

ನಾರಾಯಣಮ್ಮನಿಗೆ ಆ ಹೊಂಗೆ ಮರ, ಆ ಅಂಗಳ, ದೂರದ ರೈಲಿನ ಕೂಗು, ಎಲ್ಲವೂ ಒಂದೇ ಸಲ ನಿಂತುಹೋದಂತಾಯಿತು. ಬಟ್ಟಲು. ಕಂಠದವರೆಗೂ ಎಣ್ಣೆ. ಒಂದು ಹನಿಯೂ ಉಳಿಯಲಿಲ್ಲ. ಶನಿವಾರಗಳ ಎರಡು ಹನಿಗೇ ಬಾಗಿಲು ತೂತಾಗಿತ್ತು. ಈಗ ಅಷ್ಟೂ ಎಣ್ಣೆ ಅದರ ಹೊಟ್ಟೆಯಲ್ಲಿ ಕೂತು, ಒಳಗಿನ ಮೇಜಿನ ಮೇಲೆ ಕಾಯುತ್ತಿದೆ.

ಹೇಳಿದರೆ ತನ್ನ ಮೇಲೆ ಕೇಸು. ಗಂಡಸಾಗಲಿ ಹೆಂಗಸಾಗಲಿ ಎಂದು ಆ ಮನುಷ್ಯ ಮೆತ್ತಗೆ ಹೇಳಿದ್ದು ಕಿವಿಯಲ್ಲೇ ಇತ್ತು. ಹೇಳದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಕಾಳು ಹಲಗೆಯ ಆಚೆ ಬರುತ್ತದೆ, ಮುನಿಶಾಮಪ್ಪ ಒಳಗೆ ಹೋಗುತ್ತಾನೆ. ಇನ್ನೊಂದು ಭಯ ಇವೆರಡಕ್ಕಿಂತ ಕೆಳಗೆ, ಬಾವಿಯ ತಳದ ನೀರಿನ ಹಾಗೆ ಕಪ್ಪಗಿತ್ತು. ಕಾಪಾಡಲೆಂದು ತೋರಿಸಿದ ಎಣ್ಣೆಯೇ ಆ ಹುಡುಗಿಯ ಹೊಟ್ಟೆಗೆ ನಾಲ್ಕು ಬೆರಳು ದೂರದ ತನಕ ಹೋಗಿ ಬಂದಿತ್ತು. ಮಾವನವರ ಮಾತು, ಇಪ್ಪತ್ತೆಂಟು ವರ್ಷದ ಶನಿವಾರಗಳು, ದೇವರ ದೀಪ, ಯಾವುದರ ಮೇಲೆ ತಪ್ಪು ಹೊರಿಸಲಿ? 'ಸ್ವಾಮಿ, ನಾನು ನಿನ್ನನ್ನೇ ಠಾಣೆಗೆ ಎಳೆದು ತಂದೆನಲ್ಲ,' ಎಂದುಕೊಂಡಳು. ಮನಸ್ಸಿನಲ್ಲಿ ಗುಡಿಯ ಮೂರ್ತಿಯನ್ನು ನೆನೆಯಲು ನೋಡಿದಳು. ಮೂರ್ತಿ ಬರಲಿಲ್ಲ. ದೀಪದ ಪಕ್ಕ ಕೂತ ಸೊಣ್ಣಪ್ಪನ ಮೇಲೇರಿದ ಹುಬ್ಬು ಮಾತ್ರ ಬಂತು. ಇವತ್ತು ಶನಿವಾರ ಅಲ್ವಲ್ಲಮ್ಮ.

"ಮುನಿಶಾಮಪ್ಪ. ಬನ್ನಿ," ಎಂದು ದಫೇದಾರ ಕರೆದ.

ಅಂಗಳದ ಹಿಂಭಾಗದಲ್ಲಿ ಮರಳಿನ ಮೂಟೆಗಳ ಮುಂದೆ ಹಲಗೆ ನಿಲ್ಲಿಸಿದರು. ದಫೇದಾರ ಅದರ ದಪ್ಪ ಅಳೆದ, ಕದಿರಪ್ಪನನ್ನೇ ಕರೆದು ಅಳತೆ ತೋರಿಸಿದ. ಕದಿರಪ್ಪ ತಲೆಯಾಡಿಸಿದ. ಒಂದು ಮಾರು ದೂರಕ್ಕೆ ಗೆರೆ ಎಳೆದರು. ಕಾನ್‌ಸ್ಟೇಬಲ್ ಒಬ್ಬ ಕೋವಿ ಹಿಡಿದು ನಳಿಗೆಯನ್ನು ಪೂರ್ತಿ ಬಗ್ಗಿಸಿದ. ಸ್ಪ್ರಿಂಗು ಕಿರ್ರೆಂದು ಮುದುಡಿತು. ಅವನು ಬೆರಳು ಮೂಸಿ ನೋಡಿಕೊಂಡು ಪ್ಯಾಂಟಿಗೆ ಒರೆಸಿದ್ದನ್ನು ನಾರಾಯಣಮ್ಮ ಒಬ್ಬಳೇ ಕಂಡಳು. ಕಾಳಿಟ್ಟು ಮುಚ್ಚಿದ. ಭುಜಕ್ಕೆ ಒತ್ತಿದ.

"ಸ್ವಾಮಿ."

ಅದು ತನ್ನದೇ ದನಿ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಎಲ್ಲರೂ ತಿರುಗಿ ನೋಡಿದರು.

"ಒಂದ್ ನಿಮ್ಸ ತಡೀರಿ ಸ್ವಾಮಿ. ಅದರೊಳಗೆ ಎಣ್ಣೆ ಐತೆ. ನಾನೇ ಆಕ್ದೆ. ಇವತ್ತು ಬೆಳಿಗ್ಗೆ."

ಆರುಮುಗಂ ತಲೆಯ ಮೇಲೆ ಕೈ ಇಟ್ಟುಕೊಂಡ. "ಅಯ್ಯೋ ಅಕ್ಕಾ," ಎಂದಷ್ಟೇ ಅಂದ.

ದಫೇದಾರ ಅವಳ ಹತ್ತಿರ ಬಂದು ನಿಂತ. "ನಾನು ಶನಿವಾರ ಏನು ಹೇಳಿದ್ದೆ?"

"ಏಳಿದ್ರಿ ಸ್ವಾಮಿ. ಕೇಳಿಸ್ಕೊಂಡಿದ್ದೆ."

"ಮತ್ತೆ?"

"ಕೋವಿಗೆ ಅಂತ ಆಕಿಲ್ಲ. ಕಬ್ಬಿಣಕ್ಕೆ ಅಂತ ಆಕ್ದೆ. ಶನಿವಾರ ಶನಿವಾರ ಕುಡ್ಲು ಕೊಡ್ಲಿಗೆಲ್ಲಾ ದೇವರ ಎಣ್ಣೆ ತೋರಿಸ್ತೀವಿ. ಇದಕ್ಕೂ ಎರಡು ಅನಿ. ಮೊನ್ನೆ ಶನಿವಾರಾನೂ ಆಕಿದ್ದೆ." ಅವಳು ಮುನಿರತ್ನಮ್ಮನ ಕಡೆಗೆ ತಿರುಗಿದಳು. ಈ ಸಲ ಮುಖವನ್ನೇ ನೋಡಿದಳು. "ನಿಮ್ಮ ಬಾಗಿಲು ತೂತು ಮಾಡಿದ್ದು ಅವರ ಕೈಯಲ್ಲ ಕಣಮ್ಮ. ನನ್ನ ಕೈ. ಎಣ್ಣೆ ಆಕಿದ್ರೆ ಇಂಗಾಗ್ತದೆ ಅಂತ ಈಗ್ಲೇ ನಂಗೆ ತಿಳಿದಿದ್ದು, ಆ ಮರದ ಕೆಳಗೆ. ಕೇಸ್ ಆಕೋದಾದ್ರೆ ನನ್ ಮೇಲೆ ಆಕ್ಕೊಳ್ಳಿ ಸ್ವಾಮಿ. ಅವರಿಗೆ ಗೊತ್ತಿಲ್ಲ."

ಮಂಜು ಹರಿದು ಒಂದು ತೇಪೆ ಬಿಸಿಲು ಮರಳಿನ ಮೂಟೆಗಳ ಮೇಲೆ ಬಿತ್ತು. ದಫೇದಾರ ಆರುಮುಗಂನಿಂದ ಗಾಳಿಯ ಬಿಸಿ, ಎಣ್ಣೆಯ ಬೆಂಕಿ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡು ಕೇಳಿದ. ಆಮೇಲೆ ಅವಳತ್ತ ತಿರುಗಿ, "ಎಷ್ಟು ಹಾಕಿದೆಯಮ್ಮ ಇವತ್ತು?"

"ಬಟ್ಟಲು ಪೂರ್ತಿ."

"ಹಾಗಾದರೆ ಅದನ್ನೂ ನೋಡಬೇಕು. ಎಲ್ಲರೂ ಹಿಂದಕ್ಕೆ ಸರೀರಿ." ಕೋವಿಯನ್ನು ಆ ಕಾನ್‌ಸ್ಟೇಬಲ್ ಮುಖಕ್ಕೆ ಹತ್ತಿರ ಹಿಡಿಯದಂತೆ, ಒಂದು ಮೂಟೆಯ ಮೇಲೆ ಮಲಗಿಸಿ, ಹಗ್ಗ ಕಟ್ಟಿ ದೂರದಿಂದ ಕುದುರೆ ಎಳೆಸಿದ.

ಆ ಸದ್ದಿಗೆ ಠಾಣೆಯ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ನೀಲಿ ಹೊಗೆ ನಳಿಗೆಯಿಂದ ಹಾವಿನಂತೆ ಹೊರಬಂದು ಬಿಸಿಲಿನಲ್ಲಿ ಸುರುಳಿ ಬಿಚ್ಚಿತು. ಅಡುಗೆಮನೆಯ ಸೀದ ಎಣ್ಣೆಯ ವಾಸನೆ. ಹಲಗೆಯಲ್ಲಿ ದುಂಡನೆಯ ತೂತು. ಅದರ ಹಿಂದಿನ ಮೂಟೆಯಿಂದ ಮರಳು ಸಣ್ಣಗೆ ಸೋರುತ್ತಿತ್ತು. ಮುನಿರತ್ನಮ್ಮ ಚೆಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ನಾರಾಯಣಮ್ಮ ನೆಲಕ್ಕೆ ಕೂತುಬಿಟ್ಟಳು.

"ಈಗ ಒರೆಸಿ," ಎಂದ ದಫೇದಾರ.

ಆರುಮುಗಂ ತಂತಿಗೆ ಬಟ್ಟೆ ಸುತ್ತಿ ನಳಿಗೆ ಉಜ್ಜಿದ. ಬಟ್ಟೆ ಐದು ಸಲ ಕಪ್ಪಾಗಿ, ಆರನೆಯ ಸಲ ಬೆಳ್ಳಗೆ ಬಂತು. ಒಳಗೆ ಉಳಿದದ್ದು ಉರಿದುಹೋಗಲೆಂದು ಮರಳಿಗೇ ಇಪ್ಪತ್ತು ಸಲ ಹೊಡೆಸಿದ. ಢಮ್ ಎನ್ನುತ್ತಿದ್ದದ್ದು ಮೆಲ್ಲಮೆಲ್ಲಗೆ ಟಪ್ ಎನ್ನತೊಡಗಿತು. ಹೊಗೆ ನಿಂತಿತು. ಆಮೇಲೆ ಹಲಗೆಗೆ ಹತ್ತು ಏಟು. ಒಂದೊಂದು ಏಟಿಗೂ ದಫೇದಾರ ಹಲಗೆಯ ಹಿಂದಕ್ಕೆ ಹೋಗಿ ಬೆರಳು ಸವರಿ ನೋಡಿದ. ಹತ್ತೂ ಒಳಗೇ ನಿಂತಿದ್ದವು.

ಅವನು ಕಾಗದ ಪೆನ್ನು ತರಿಸಿದ.

"ಕೋವಿ ಇದ್ದ ಹಾಗೆ ಇದ್ದರೆ ಕಾನೂನಿನ ಒಳಗಿದೆ. ಎಣ್ಣೆ ಬಿದ್ದರೆ ಹೊರಗೆ. ಕೈ ಆಡಿಸಿದವರ ಮೇಲೆ ಕೇಸು ಅಂತ ನಾನೇ ಹೇಳಿದ್ದೆ." ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ಏಟು ಬಿದ್ದ ಮೇಲೆ ಹೇಳಿದ್ದರೆ ನೆಪ ಅನ್ನುತ್ತಿದ್ದೆ. ಏಟಿಗೆ ಮುಂಚೆ ಹೇಳಿದಳು. ಕದಿರಪ್ಪ, ದೂರು ನಿನ್ನದು. ನೀನೇನು ಅಂತೀಯ?"

ಕದಿರಪ್ಪ ಗಂಟಲು ಸರಿಮಾಡಿಕೊಂಡ. ಎರಡು ದಿನ ಕಾಯಿಸಿಟ್ಟುಕೊಂಡಿದ್ದ ಸಿಟ್ಟು ಅವನ ಬಾಯಿಗೆ ಬರುವ ಮೊದಲೇ ಅವನ ಹಿಂದಿನಿಂದ ಸೊಸೆ ಮಾತಾಡಿದಳು.

"ಕೇಸ್ ಬ್ಯಾಡ ಮಾವ. ಅಕ್ಕ ಬಾಯಿ ಮುಚ್ಕೊಂಡು ಕೂತಿದ್ರೆ ಬೇಕಾಗಿತ್ತು."

ಕದಿರಪ್ಪ ಸೊಸೆಯನ್ನು ನೋಡಿದ, ಕೋವಿಯನ್ನು ನೋಡಿದ, ನೆಲದಲ್ಲಿ ಕೂತಿದ್ದ ನಾರಾಯಣಮ್ಮನನ್ನು ನೋಡಿದ. "ಆ ಕೋವಿ ಮತ್ತೆ ನಮ್ಮೂರಿಗೆ ಬರಕೂಡ್ದು,"  ಎಂದ ಕೊನೆಗೆ. "ಗಿಳಿ ತಿಂದಿದ್ದು ತಿನ್ಲಿ. ತಗಡು ಬಡ್ಕೊ ಕಣ್ಲಾ ಮುನಿಶಾಮ. ನಮ್ಮಪ್ಪ ಅದ್ನೇ ಬಡೀತಿದ್ದ."

ದಫೇದಾರ ಬರೆದ. ನಾರಾಯಣಮ್ಮನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮಸಿಯ ಹಲಗೆ ಮುಂದೆ ಹಿಡಿದಾಗ, ಅವಳ ಬೆರಳಿಗೆ ಇನ್ನೂ ಎಳ್ಳೆಣ್ಣೆಯ ಜಿಡ್ಡಿತ್ತು. ಮಸಿ ಹಿಡಿಯಲಿಲ್ಲ. ಅವನು ಒಂದು ಒಣ ಬಟ್ಟೆ ಕೊಟ್ಟ. ಅವಳು ಬೆರಳನ್ನು ಒರೆಸಿಕೊಂಡು ಮತ್ತೆ ಒತ್ತಿದಳು.

ಕೋವಿ ಆರುಮುಗಂನ ಜೊತೆ ರೈಲು ಹತ್ತಿತು. ಹಿಂದಿರುಗುವ ಬಸ್ಸಿನಲ್ಲಿ ಮುನಿಶಾಮಪ್ಪ ಹೇಳಿದ, "ನೀನು ಒಳಗೋಗಿದ್ರೆ ನಂಗೆ ಮುದ್ದೆ ಯಾರು ಮಾಡಿ ಆಕೋರು ಅಂತ ಅದೇ ಯೋಚ್ನೆ ಆಗಿತ್ತು ಕಣಮ್ಮಿ." ಅವಳು ನಗಲಿಲ್ಲ. ಆದರೆ ಎರಡು ದಿನದ ಮೇಲೆ ಮೊದಲ ಸಲ ಅವಳಿಗೆ ಹಸಿವಾಯಿತು.

ಮಂಗಳವಾರ ಬೆಳಗ್ಗೆ ಮಂಜು ತೆಳ್ಳಗಿತ್ತು. ನಾರಾಯಣಮ್ಮ ಅಟ್ಟದಿಂದ ತನ್ನ ತವರಿನ ಹಿತ್ತಾಳೆ ಚೆಂಬು ಇಳಿಸಿದಳು. ಹುಣಸೆಹಣ್ಣು ಹಾಕಿ ಉಜ್ಜಿ, ತಳವನ್ನು ಬೆಳಕಿಗೆ ಹಿಡಿದು ಬೆಸುಗೆ ನೋಡಿದಳು. ಪಾತ್ರೆಯನ್ನು ಬರಿದಾಗಿ ಕೊಡಬಾರದೆಂದು ನಾಲ್ಕು ಸೀಬೆಹಣ್ಣು ಹಾಕಿದಳು. ಒಂದಕ್ಕೆ ಗಿಳಿಯ ಕೊಕ್ಕಿನ ಗುರುತಿತ್ತು. ಅಂಥದ್ದೇ ಹೆಚ್ಚು ಸಿಹಿ ಎಂದು ಅದನ್ನು ಮೇಲಿಟ್ಟಳು. ಬೇಲಿ ಸುತ್ತಿಕೊಂಡು ಆಚೆಗೆ ಹೋದಳು.

ಕದಿರಪ್ಪನ ಕೊಟ್ಟಿಗೆಯ ಬಾಗಿಲು ಅರೆ ತೆರೆದಿತ್ತು. ಹಲಗೆಯ ತೂತಿನಿಂದ ದಾರದಷ್ಟು ಬಿಸಿಲು ಒಳಕ್ಕೆ ಹೋಗಿ ಹಸುವಿನ ಬೆನ್ನ ಮೇಲೆ ಒಂದು ಕಾಳಿನಷ್ಟು ಬೆಳಕು ಬಿದ್ದಿತ್ತು. ಮುನಿರತ್ನಮ್ಮ ಕರುವನ್ನು ಬಿಡಿಸಿ ಕಟ್ಟಿ, ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆ ಹಿಡಿದು ಕೂರುತ್ತಿದ್ದಳು. ನಾರಾಯಣಮ್ಮ ಒಳಗೆ ಹೋಗಿ, ಬಗ್ಗಿ, ಚೆಂಬನ್ನು ಅವಳ ಕೈಗೆ ಕೊಟ್ಟಳು. ಮುನಿರತ್ನಮ್ಮ ಹಣ್ಣುಗಳನ್ನು ಮಡಿಲಿಗೆ ಸುರಿದುಕೊಂಡಳು, ಚೆಂಬನ್ನು ಒಮ್ಮೆ ನೀರಿನಲ್ಲಿ ಗಲಬರಿಸಿ ಚೆಲ್ಲಿದಳು, ಮಂಡಿಗಳ ನಡುವೆ ಇಟ್ಟುಕೊಂಡು ಹಾಲು ಕರೆಯತೊಡಗಿದಳು.